ದಾರಿ ಬಿಡದ ಅಕ್ಕ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಸಾಂಗ್ಲಿಯ ವಿಶ್ರಾಮಬಾಗದ ಕಾಲೇಜೊಂದರಲ್ಲಿ ಕನ್ನಡ ವಿಭಾಗದ ಮುಖ್ಯಸ್ಥೆ. ಮುಖ್ಯಸ್ಥೆಯೂ ನಾನೇ, ವಿಭಾಗವೂ ನಾನೇ. ಹೊಸ ಶಿಕ್ಷಣ ನೀತಿ ಬಂದಾಗ ‘ವಿಜ್ಞಾನ ಮತ್ತು ಕಥನ’ ಎಂಬ ಕೋರ್ಸು ರೂಪಿಸಿದೆ. ಕಥೆಯೊಂದು ಪ್ರಕೃತಿಯ ಯಾವ ತಿಳಿವಳಿಕೆಯನ್ನು ಕಾಪಿಟ್ಟುಕೊಂಡಿದೆ ಎಂದು ಹುಡುಕುವ ಓದು ಅದು. ಪ್ರಾಂಶುಪಾಲರು ಒಪ್ಪಿದರು. ಆದರೆ ಜಿಯಾಲಜಿಯ ಪಾಟೀಲರನ್ನೂ ಕರೆದು, ಇಬ್ಬರ ಪಾಠವನ್ನೂ ನೋಡಿ ಒಬ್ಬರಿಗೆ ಕೊಡುವೆ ಎಂದುಬಿಟ್ಟರು. ಪಾಟೀಲರ ತರಗತಿ ಯಾವಾಗಲೂ ತುಂಬಿರುತ್ತಿತ್ತು. ನನ್ನ ತರಗತಿಯ ಹಿಂದಿನ ಬೆಂಚುಗಳಿಗೆ ಧೂಳು. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ?

ನಾನು ಆರಿಸಿಕೊಂಡದ್ದು ಹರಿಪುರದ ನನ್ನ ಮಾವಶಿ, ಅವ್ವನ ತಂಗಿ, ಹೇಳುತ್ತಿದ್ದ ಕಥೆ. ಕೃಷ್ಣಾ ನದಿ ಅಕ್ಕ, ಹರಿಪುರದ ಬಳಿ ಅವಳನ್ನು ಸೇರುವ ವಾರಣಾ ತಂಗಿ. ಅಕ್ಕ ಮೈತುಂಬಿ ಬಂದ ದಿನ ಸಂಗಮದಲ್ಲಿ ತಂಗಿಗೆ ದಾರಿ ಬಿಡುವುದಿಲ್ಲ. ತಂಗಿ ಸಿಟ್ಟಿನಿಂದ ಹಿಂದಿರುಗಿ ಹೊಲಗಳಿಗೆ ನುಗ್ಗುತ್ತಾಳೆ. ಸೌಜನ್ಯಕ್ಕೆಂದು ಇದನ್ನು ಪಾಟೀಲರಿಗೂ ಹೇಳಿದ್ದೆ.

ಪಾಠದ ದಿನ ಮೊದಲು ಎದ್ದು ನಿಂತವರು ಅವರೇ. ನಕ್ಷೆ ಬಿಡಿಸುತ್ತಾರೆಂದು ಕೂತರೆ, “ನಮ್ಮ ಕೃಷ್ಣಾಬಾಯಿ ಬಾಳ ಹೊಟ್ಟಿಕಿಚ್ಚಿನಾಕಿ” ಎಂದು ಶುರು ಮಾಡಿದರು. ನನ್ನ ಮಾವಶಿಯ ಕಥೆ, ಅದೂ ನನಗಿಂತ ಚೆನ್ನಾಗಿ. ತಂಗಿ ಅಳುತ್ತ ತಿರುಗಿದಾಗ ಹುಡುಗಿಯರೂ ಕಣ್ಣೊರೆಸಿಕೊಂಡರು. ನನ್ನ ಮೈಯೆಲ್ಲ ಉರಿಯಿತು.

ನನಗೆ ಉಳಿದದ್ದು ವಿಜ್ಞಾನ ಮಾತ್ರ. ಹಟಕ್ಕೆ ಬಿದ್ದು ಸೀಮೆಸುಣ್ಣ ಹಿಡಿದೆ. ದೊಡ್ಡ ನದಿಯ ಮಟ್ಟ ಏರಿದರೆ ಉಪನದಿಯ ನೀರು ಮುಂದೆ ಸಾಗಲಾರದೆ ಹಿಂದಕ್ಕೆ ಸರಿಯುತ್ತದೆ, ಅದೇ ಬ್ಯಾಕ್‌ವಾಟರ್. ಮಿರಜಿನ ಮುಖ್ಯರಸ್ತೆಯಲ್ಲಿ ಮದುವೆ ಮೆರವಣಿಗೆ ಹೊರಟಾಗ ಗಲ್ಲಿಯ ಬೈಕುಗಳು ಹಿಂದಕ್ಕೆ ಸಾಲುಗಟ್ಟಿ ಮನೆಯಂಗಳಕ್ಕೆ ನುಗ್ಗುವುದಿಲ್ಲವೇ, ಹಾಗೆ ಎಂದೆ. ಪಾಟೀಲರ ವಿದ್ಯಾರ್ಥಿಯೊಬ್ಬ, “ಈಗ ತಿಳೀತ್ರಿ ಮ್ಯಾಡಂ. ಸರ್ ಕ್ಲಾಸಿನ್ಯಾಗ ಹೇಳಿದಾಗ ತಿಳಿದಿದ್ದಿಲ್ಲ” ಎಂದ.

ಕ್ಯಾಂಟೀನಿನಲ್ಲಿ ಪಾಟೀಲರು ಚಹಾ ಮುಟ್ಟಲಿಲ್ಲ. “ಆ ಮೆರವಣಿಗಿ ಮಾತು ನಿಮಗ ಹೆಂಗ ಹೊಳೀತ್ರಿ?” ಎಂದರು. ಹೊಟ್ಟೆಕಿಚ್ಚಿನ ಆ ದನಿಯ ಗುರುತು ನನಗೆ ಚೆನ್ನಾಗಿಯೇ ಇತ್ತು. ನನ್ನ ಹೊಟ್ಟೆ ತಣ್ಣಗಾಯಿತು.

“ಮೊದಲ ನಮ್ಮ ಮಾವಶಿ ಕಥಿ ತಿರುಗಿ ಕೊಡ್ರಿ ಸರ, ಆಮ್ಯಾಲ ಹೇಳ್ತೇನಿ” ಎಂದೆ.

ಕೋರ್ಸು ಯಾರಿಗೆ ಎಂದು ಪ್ರಾಂಶುಪಾಲರು ಕೇಳಿದಾಗ ಇಬ್ಬರೂ ಒಟ್ಟಿಗೇ “ನನಗ” ಎಂದೆವು. ಅವರು ಇಬ್ಬರಿಗೂ ಕೊಟ್ಟರು. ಪಾಟೀಲರನ್ನು ಮೀರಿಸಲು ನಾನು ಬಂಡೆ, ಮಣ್ಣು ಓದಿದೆ. ನನ್ನನ್ನು ಮೀರಿಸಲು ಅವರು ಹಳ್ಳಿಹಳ್ಳಿ ತಿರುಗಿ ಕಥೆ ಕೂಡಿಸಿದರು. ಬೆಂಚುಗಳ ಧೂಳು ಹೋಯಿತು. ಒಳ್ಳೆಯ ಪಾಠಕ್ಕೆ ಪ್ರೀತಿಯಷ್ಟೇ ಹೊಟ್ಟೆಕಿಚ್ಚೂ ಬೇಕೆಂದು ನನ್ನ ವೃತ್ತಿ ಕಲಿಸಿದ್ದು ಆಗ.

ನನ್ನ ಬೀಳ್ಕೊಡುಗೆಯ ದಿನ ಪಾಟೀಲರು ಮೈಕಿನ ಮುಂದೆ ನಿಂತು ನನ್ನ ಕಡೆ ತಿರುಗಿದರು. ಆಮೇಲೆ, “ನಾಳಿಂದ ನಾ ಯಾರ ಮ್ಯಾಲ ಉರಕೊಳ್ಳಲ್ರಿ, ಮ್ಯಾಡಂ?” ಎಂದರು.