ಬಿದ್ದವರು ಅಧ್ಯಕ್ಷರು, ಒಡೆದವನು ಶೆಟ್ಟಿ

ನಮ್ಮ ಅಳಿಯಂದಿರಿಗೂ ಅವರ ಸ್ನೇಹಿತರಿಗೂ ಅಮೆರಿಕ ಸೋತ ಯುದ್ಧಗಳೆಂದರೆ ಪಂಚಪ್ರಾಣ. ಗೆದ್ದ ಯುದ್ಧಗಳಲ್ಲಿ ಇಬ್ಬರಿಗೂ ಆಸಕ್ತಿಯಿಲ್ಲ. ಗೆದ್ದದ್ದಕ್ಕೆ ಯಾರನ್ನು ಬೈಯುವುದು? ಸೋತದ್ದಾದರೆ ಒಂದೊಂದಕ್ಕೂ ಬೈಯಲು ಅಧ್ಯಕ್ಷರು ಸಾಲಾಗಿ ಸಿಗುತ್ತಾರೆ. ಶುರುಮಾಡಿದವನೊಬ್ಬ, ಎಳೆದವನೊಬ್ಬ, ಬಿಟ್ಟುಬಂದವನೊಬ್ಬ. ಊಟಕ್ಕೆ ಮುಂಚೆ ವಿಯೆಟ್ನಾಂ, ಹುಳಿಯನ್ನಕ್ಕೆ ಇರಾಕ್, ಮೊಸರನ್ನಕ್ಕೆ ಬರುವಷ್ಟರಲ್ಲಿ ಅಫ್ಘಾನಿಸ್ತಾನ.

ನನಗಿರುವುದು ಒಬ್ಬರೇ ಅಳಿಯ; ಅಳಿಯಂದಿರು ಅನ್ನುವುದು ಮರ್ಯಾದೆಗೆ. ಅಮೆರಿಕದ ಸಮರ್‌ಸೆಟ್‌ನಲ್ಲಿ ಎಂಜಿನಿಯರು. ಮಗಳ ಜೊತೆ ನಾನೂ ಅವರ ಮನೆಯಲ್ಲೇ ಇದ್ದೇನೆ. ಸ್ನೇಹಿತರು ಅಲ್ಲೇ ಇನ್ನೊಂದು ಊರು, ಓಲ್ಡ್ ಬ್ರಿಡ್ಜ್‌ನಲ್ಲಿ ಡಾಕ್ಟರು, ಧಾರವಾಡದ ಕಡೆಯವರು. ಇಬ್ಬರೂ ಈ ದೇಶಕ್ಕೆ ಬಂದ ಹೊಸದರಲ್ಲಿ ಒಂದೇ ಮನೆಯಲ್ಲಿ ಬಾಡಿಗೆಗಿದ್ದು, ಒಂದೇ ಕುಕ್ಕರಿನಲ್ಲಿ ಅನ್ನ ಮಾಡಿಕೊಂಡು ತಿಂದವರು. ಸಿಟಿಜನ್ ಆಗುವವರೆಗೆ ಚೆನ್ನಾಗಿಯೇ ಇದ್ದರು. ವೋಟು ಬಂತು ನೋಡಿ, ಒಬ್ಬರು ಒಂದು ಪಕ್ಷಕ್ಕೆ ಹೋದರು, ಇನ್ನೊಬ್ಬರು ಇನ್ನೊಂದಕ್ಕೆ.

ಇರಾಕಿನ ಪಾಪವೆಲ್ಲ ಶುರುಮಾಡಿದವನ ತಲೆಗೆ ಎಂದು ಅಳಿಯಂದಿರ ತೀರ್ಪು. ಶುರುಮಾಡಿದವನು ಸರಿಯಾಗಿಯೇ ಮಾಡಿದ್ದ, ಕೆಡಿಸಿದವನು ಬಿಟ್ಟುಬಂದವನು ಎಂದು ಡಾಕ್ಟರ ತೀರ್ಪು. ವಿಯೆಟ್ನಾಂಗೆ ಬಂದರೆ ಮಾತ್ರ ಇಬ್ಬರೂ ತೀರ್ಪು ಅದಲುಬದಲು ಮಾಡಿಕೊಳ್ಳುತ್ತಾರೆ. ಅಲ್ಲಿ ಶುರುಮಾಡಿ ಎಳೆದವನು ಅಳಿಯಂದಿರ ಪಕ್ಷದವನಂತೆ, ಬಿಟ್ಟುಬಂದವನು ಡಾಕ್ಟರ ಪಕ್ಷದವನಂತೆ. ಒಲೆ ಹಚ್ಚಿದವಳು, ಉರಿ ತಗ್ಗಿಸದವಳು, ಸೀದ ಮೇಲೆ ಇಳಿಸಿದವಳು, ಇವರಲ್ಲಿ ಹುಳಿ ಕೆಡಿಸಿದವಳು ಯಾರು ಎಂದು ಓರಗಿತ್ತಿಯರು ಕಿತ್ತಾಡುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರು ಯಾರೂ ಭೂಪಟ ಬಿಡಿಸಿಕೊಂಡು ಕೂತಿರಲಿಲ್ಲ.

ಇವರ ಜಗಳ ನನಗೆ ಬೇಕಿತ್ತು. ಯಾಕೆಂದರೆ ಡಾಕ್ಟರು ಬಂದರೆ ಜೊತೆಗೆ ಅವರ ತಾಯಿಯೂ ಬರುತ್ತಿದ್ದರು. ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆ ಬಂದು ಹೋಗುವವರು, ನನ್ನ ಓರಗೆಯವರು. ಗಂಡಸರು ಯುದ್ಧ ಮಾಡುವಷ್ಟು ಹೊತ್ತು ನಾವಿಬ್ಬರೂ ಅಡುಗೆಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತ ಎಲ್ಲರನ್ನೂ ಆಡಿಕೊಳ್ಳುತ್ತಿದ್ದೆವು. ಆಕೆಗೆ ಫೋನಿನಲ್ಲಿ ಕಿವಿ ಕೇಳಿಸದು, ಎದುರಿಗೆ ಕೂತು ತುಟಿ ನೋಡಿದರೇ ಮಾತು. ನಮ್ಮಿಬ್ಬರಿಗೂ ಡ್ರೈವ್ ಮಾಡಲು ಬಾರದು. ಈ ಸಲ ಬಂದಾಗ, ಹೃದಯದ ತೊಂದರೆ, ಇನ್ನು ಇಷ್ಟು ದೂರ ವಿಮಾನದಲ್ಲಿ ಬರುವಂತಿಲ್ಲ ಎಂದು ಮಗನೇ ಹೇಳಿಬಿಟ್ಟಿದ್ದರು. ದಸರಾ ಮುಗಿದ ಮೇಲೆ ಹೋದರೆ ಮುಗಿಯಿತು. ಇಬ್ಬರಿಗೂ ಗೊತ್ತಿತ್ತು, ಆ ಮಾತು ಎತ್ತುವಷ್ಟು ಪೆದ್ದರು ನಾವಿಬ್ಬರೂ ಅಲ್ಲ.

ದಸರಾಕ್ಕೆ ನಮ್ಮಲ್ಲಿ ಗೊಂಬೆ ಕೂರಿಸುತ್ತೇವೆ. ಮೆಟ್ಟಿಲು ಕಟ್ಟುವ ಕೆಲಸ ಅಳಿಯಂದಿರದು. ಮನೆಗೆ ಪಾರ್ಸೆಲ್ ಬಂದ ರಟ್ಟಿನ ಡಬ್ಬಗಳನ್ನೆಲ್ಲ ಟಿವಿಯ ಮುಂದೆ ಒಂದರ ಮೇಲೊಂದು ಜೋಡಿಸಿ ಬಿಳಿ ಪಂಚೆ ಹೊದಿಸಿದರು. ಖಾಲಿ ಡಬ್ಬ ಗಟ್ಟಿಯಿರುತ್ತದೆಯೇ ಎಂದು ಕೇಳಿದೆ. ಎಂಜಿನಿಯರನ್ನು ಕೇಳಬಾರದ ಪ್ರಶ್ನೆ ಎಂಬಂತೆ ಮುಖ ಮಾಡಿದರು. ಮೇಲೆ ಮರದ ಪಟ್ಟದ ಗೊಂಬೆಗಳು, ರಾಜ ರಾಣಿ. ಅವರ ಕೆಳಗೆ ಮೊಮ್ಮಗಳು, ಹಿಂದೊಮ್ಮೆ ವಾಷಿಂಗ್ಟನ್ನಿಗೆ ಹೋದಾಗ ತಂದ ಪ್ಲಾಸ್ಟಿಕ್ ಅಧ್ಯಕ್ಷರನ್ನು ನಿಲ್ಲಿಸಿದಳು. ಅವರೂ ಆಳಿದವರೇ ಅಲ್ಲವೇ ಎಂದು ಅವಳ ವಾದ. ಕಟ್ಟಕಡೆಯ ಮೆಟ್ಟಿಲಲ್ಲಿ ಎಂದಿನಂತೆ ಮಣ್ಣಿನ ಶೆಟ್ಟಿ ಶೆಟ್ಟಮ್ಮ, ಅವರ ಮುಂದೆ ಅಂಗಡಿಯ ಪುಟ್ಟ ಹಿತ್ತಾಳೆ ತಟ್ಟೆಗಳು.

ಡಾಕ್ಟರ ತಾಯಿಗೆ ಈ ಶೆಟ್ಟಿ ದಂಪತಿಗಳ ಮೇಲೆ ವಿಪರೀತ ಪ್ರೀತಿ. ಧಾರವಾಡದ ಅವರ ಮನೆಯಲ್ಲಿ ಗೊಂಬೆ ಕೂರಿಸುವ ರೂಢಿ ಇಲ್ಲ. ದಸರೆಯಲ್ಲಿ ಇಲ್ಲಿದ್ದರೆ ಬಂದವರೇ ಮೊದಲು ಕೆಳಗೆ ಕೂತು, ಶೆಟ್ಟಿಯ ತಟ್ಟೆಗೆ ತೊಗರಿಬೇಳೆ, ಅಕ್ಕಿ, ಬೆಲ್ಲ ತುಂಬುತ್ತಿದ್ದರು. ಈ ಸಲವೂ ತುಂಬಿದರು.

ಡಾಕ್ಟರು ಉಸಲಿಯ ತಟ್ಟೆ ಹಿಡಿದುಕೊಂಡು ಗೊಂಬೆ ನೋಡಲು ಬಂದರು. ಅಧ್ಯಕ್ಷರನ್ನು ನೋಡಿದರು. ಅಲ್ಲಿಗೆ ಹಬ್ಬ ಮುಗಿಯಿತು ಅನ್ನಿ.

"ಇವನ್ನ್ಯಾಕ ರಾಜಾನ ಬುಡಕ ನಿಂದರ್ಸೀಯೋ?" ಎಂದು ಅಳಿಯಂದಿರನ್ನು ಕೇಳಿದರು. "ಬಿಟ್ಟು ಓಡಿಬಂದಾವಗ ಶೆಟ್ಟಿ ಬಾಜೂಕಿನ ಜಾಗಾನೂ ಹೆಚ್ಚಾತು."

ಒಮ್ಮೆ ಕೂರಿಸಿದ ಗೊಂಬೆಯನ್ನು ಹಬ್ಬ ಮುಗಿಯುವವರೆಗೆ ಕದಲಿಸಬಾರದು ಎಂದು ನಾನು ಹೇಳಿದೆ. ಅಷ್ಟರಲ್ಲಿ ಡಾಕ್ಟರ ಕೈ ಹೋಗಿ ಒಬ್ಬ ಅಧ್ಯಕ್ಷನನ್ನು ಎತ್ತಿ ಕೆಳಗಿಟ್ಟಾಗಿತ್ತು.

"ಹಾಗಾದ್ರೆ ಶುರು ಮಾಡಿದೋನು ಗ್ಯಾರೇಜಿಗೆ ಹೋಗ್ಲಿ," ಎಂದು ಅಳಿಯಂದಿರು ಇನ್ನೊಬ್ಬನಿಗೆ ಕೈ ಹಾಕಿದರು. ಡಾಕ್ಟರು ಅವರ ಕೈ ಹಿಡಿದರು. ಇವರು ಎಳೆದರು. ನಡುವೆ ಪಂಚೆ ಸಿಕ್ಕಿಕೊಂಡು ಎಂಜಿನಿಯರು ಕಟ್ಟಿದ ಡಬ್ಬವೊಂದು ಕುಸಿಯಿತು. ರಾಜ ರಾಣಿ ಮೇಲೆಯೇ ಉಳಿದರು. ಅಧ್ಯಕ್ಷರೆಲ್ಲ ಸೈನ್ಯದಂತೆ ಉರುಳಿದರು. ಪ್ಲಾಸ್ಟಿಕ್ಕಿನವರು, ಒಬ್ಬನ ಮೂಗೂ ಮುಕ್ಕಾಗಲಿಲ್ಲ. ಒಡೆದುಹೋದವರು ಕೆಳಗೆ ಬೇಳೆ ಮಾರಿಕೊಂಡು ಕೂತಿದ್ದ ಶೆಟ್ಟಿ ಮತ್ತು ಅವನ ಹೆಂಡತಿ.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಡಾಕ್ಟರು, "ನೀ ಹಾಕಿದ ವೋಟಿಗೆ ಅಲ್ಲಿ ಮಂದಿ ಸತ್ತರು," ಎಂದರು. ಜೀವ ಉಳಿಸುವ ಕೆಲಸದವನು ಬಾಂಬಿಗೆ ಚಪ್ಪಾಳೆ ತಟ್ಟುತ್ತಾನೆ ಎಂದು ಅಳಿಯಂದಿರು ಅಂದರು. ಡಾಕ್ಟರು ತಾಯಿಯನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟರು. ಆಕೆಯ ತಟ್ಟೆಯಲ್ಲಿ ಅರ್ಧ ಹೋಳಿಗೆ ಉಳಿದಿತ್ತು. ಬಾಗಿಲಲ್ಲಿ ತಿರುಗಿ ನನ್ನ ತುಟಿಯನ್ನೇ ನೋಡಿದರು.

ಆಮೇಲೆ ಫೋನಿನಲ್ಲಿ ಮೆಸೇಜುಗಳ ಯುದ್ಧ. ಶೆಟ್ಟಿಯನ್ನು ಒಡೆದವರು ಯಾರು ಎಂಬುದೇ ವಿಷಯ. ಖಾಲಿ ಡಬ್ಬ ಜೋಡಿಸಿದವನದೇ ತಪ್ಪು, ಶುರುವಿನಲ್ಲೇ ಕೆಟ್ಟಿತ್ತು ಎಂದು ಡಾಕ್ಟರು ಬರೆದರಂತೆ. ಜೋಡಿಸಿದ್ದರಲ್ಲಿ ತಪ್ಪಿಲ್ಲ, ಕೊನೆಯಲ್ಲಿ ಕೈ ಹಾಕಿದವನದೇ ತಪ್ಪು ಎಂದು ಅಳಿಯಂದಿರ ಉತ್ತರ. ಇರಾಕಿನ ವಿಷಯಕ್ಕೆ ಇಷ್ಟು ವರ್ಷ ತಾವು ಹೇಳಿದ್ದಕ್ಕೆ ಇದು ತದ್ವಿರುದ್ಧ ಎಂದು ಇಬ್ಬರು ಓದಿದವರಿಗೂ ಹೊಳೆಯಲಿಲ್ಲ. ಮಿಡ್ಲ್ ಸ್ಕೂಲಿಗೇ ಓದು ಬಿಟ್ಟ ನಾನು ಯಾಕೆ ಹೇಳಿಕೊಡಲಿ?

ಡಾಕ್ಟರ ತಾಯಿ ಹೊರಡುವ ದಿನ ಹತ್ತಿರ ಬಂತು. ಓಲ್ಡ್ ಬ್ರಿಡ್ಜ್‌ಗೆ ನನ್ನನ್ನು ಬಿಟ್ಟು ಬಾ ಎಂದು ಮಗಳಿಗೆ ಹೇಳಿದೆ. ಮೊದಲು ಅವರು ಫೋನ್ ಮಾಡಲಿ, ಅವಮಾನವಾಗಿರುವುದು ನಮಗೆ ಎಂದಳು. ಅಳಿಯಂದಿರನ್ನು ಕೇಳಿದರೆ ಅದು ಪ್ರಿನ್ಸಿಪಲ್, ಅಂದರೆ ತತ್ವದ ಪ್ರಶ್ನೆಯಂತೆ. ಅವರ ಪ್ರಿನ್ಸಿಪಲ್‌ಗೆ ಕಾರು ಓಡಿಸುವ ಲೈಸೆನ್ಸ್ ಇದೆ, ನನಗಿಲ್ಲ.

ವಿಜಯದಶಮಿಯ ಸಂಜೆ ಮಗಳು ಆರತಿಯ ತಟ್ಟೆ ತಂದಳು. ಆರತಿಯಾದ ಮೇಲೆ ಪಟ್ಟದ ಗೊಂಬೆಗಳನ್ನು ಮಲಗಿಸಿದರೆ ಹಬ್ಬ ಮುಗಿದಂತೆ, ಆಮೇಲೆ ಮೆಟ್ಟಿಲು ತೆಗೆಯಬಹುದು. ಮಲಗಿಸುವುದು ಮನೆಯ ಹಿರಿಯ ಹೆಂಗಸಿನ ಕೆಲಸ. ಗಂಡ ಹೋದವಳು ಮಾಡಬಾರದು ಎಂದು ಹೇಳುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಬಂದಿಲ್ಲ. ನಾನು ಕುರ್ಚಿಯಿಂದ ಏಳಲಿಲ್ಲ.

"ಅಮ್ಮ, ಮಲಗಿಸು," ಎಂದಳು ಮಗಳು.

"ಅವುಗಳಿಗೆ ನಿದ್ದೆ ಬಂದಿಲ್ಲ," ಎಂದೆ.

ಗೊಂಬೆ ಮಲಗದೆ ಮೆಟ್ಟಿಲು ತೆಗೆಯುವಂತಿಲ್ಲ. ಮೆಟ್ಟಿಲು ತೆಗೆಯದೆ ಟಿವಿ ಕಾಣುವಂತಿಲ್ಲ. ಅಳಿಯಂದಿರು ಸುದ್ದಿಯನ್ನು ಫೋನಿನಲ್ಲಿ ನೋಡಿದರು. ಕ್ರಿಕೆಟ್ಟನ್ನೂ ಫೋನಿನಲ್ಲಿ ನೋಡಿದರು, ಬಾಲು ಕಾಣಲಿಲ್ಲ. ಒಂದು ಸಂಜೆ ಶೇಷನ ಮೇಲೆ ಮಲಗಿದ ವಿಷ್ಣುವಿನ ಭುಜದ ಸಂದಿಯಿಂದ ಟಿವಿಯ ಮೂಲೆಯೊಂದನ್ನು ಬಹಳ ಹೊತ್ತು ಇಣುಕಿದರು. "ಅಜ್ಜಿ, ದಿಸ್ ಈಸ್ ಬ್ಲ್ಯಾಕ್‌ಮೇಲ್," ಎಂದಳು ಮೊಮ್ಮಗಳು. ಹುಡುಗಿ ಚುರುಕು.

ಕೊನೆಗೆ ಅಳಿಯಂದಿರೇ ನನ್ನ ಮುಂದೆ ಬಂದು ನಿಂತರು.

"ಅತ್ತೆ, ಇದು ಎಷ್ಟು ದಿನ?"

"ನನಗೇನು ಗೊತ್ತು, ನಾನು ಶುರು ಮಾಡಿದೋಳಲ್ಲ. ಸುಮ್ಮನೆ ಎಳೀತಿದ್ದೀನಿ ಅಷ್ಟೆ. ಬಿಟ್ಟು ಬರೋದು ಹೇಗೆ ಅಂತ ನೀವು ನೋಡಿ."

ಅಳಿಯಂದಿರು ಫೋನ್ ಹಿಡಿದುಕೊಂಡು ಗ್ಯಾರೇಜಿಗೆ ಹೋದರು. ಏನು ಮಾತಾಡಿದರೋ ತಿಳಿಯದು. ಯಾರೂ ತಪ್ಪು ಒಪ್ಪಿಕೊಂಡಿರಲಾರರು, ಅಷ್ಟು ಮಾತ್ರ ಖಂಡಿತ. ವಿಮಾನ ಹತ್ತುವ ಹಿಂದಿನ ದಿನ ಮಧ್ಯಾಹ್ನ ಡಾಕ್ಟರ ಕಾರು ನಮ್ಮ ಮನೆಯ ಮುಂದೆ ನಿಂತಿತು.

ಆಕೆ ಬಂದವರೇ ನೆಟ್ಟಗೆ ಗೊಂಬೆಗಳ ಮುಂದೆ ಕೂತರು. ಕೆಳಗಿನ ಮೆಟ್ಟಿಲು ಖಾಲಿಯಿತ್ತು. ಒಡೆದ ಚೂರುಗಳನ್ನು ನಾನು ಎಂದೋ ಕಸಕ್ಕೆ ಹಾಕಿದ್ದೆ, ಮಣ್ಣನ್ನು ಇಟ್ಟುಕೊಂಡು ಏನು ಮಾಡುವುದು. ಹಿತ್ತಾಳೆಯ ತಟ್ಟೆಗಳು ಮಾತ್ರ ಇದ್ದವು. ಆಕೆ ಸೆರಗಿನ ಗಂಟು ಬಿಚ್ಚಿದರು. ಅದರಲ್ಲಿ ತೊಗರಿಬೇಳೆ ತಂದಿದ್ದರು.

"ಯಾರ ತಪ್ಪಂತ್ರೀ ಅಕ್ಕಾರ, ಕಡೀಕ?" ಎಂದು ತಟ್ಟೆ ತುಂಬುತ್ತ ಕೇಳಿದರು.

ಆಕೆಗೆ ತುಟಿ ಕಾಣುವಂತೆ ನಾನೂ ಪಕ್ಕಕ್ಕೆ ಕೂತೆ. "ಇನ್ನೂ ತೀರ್ಮಾನ ಆಗಿಲ್ಲ."

"ಆಗೂದು ಬ್ಯಾಡ ಬಿಡ್ರಿ. ತೀರ್ಮಾನ ಆತಂದ್ರ ಜಗಳಾಡ್ಲಿಕ್ಕೆ ಈ ಮನೀಗೆ ಮತ್ತ ಯಾರು ಬರ್ತಾರ?"

ಮಗಳು ಆರತಿ ಎತ್ತಿದಳು. ರಾಜನನ್ನು ನಾನು ಮಲಗಿಸಿದೆ, ರಾಣಿಯನ್ನು ಆಕೆಯ ಕೈಗೆ ಕೊಟ್ಟೆ. ನಮ್ಮ ಪದ್ಧತಿಯಲ್ಲಿ ಹೊರಗಿನವರು ಮಲಗಿಸುವಂತಿಲ್ಲ. ಮಗಳು ಬಾಯಿ ತೆರೆದಳು, ನನ್ನ ಮುಖ ನೋಡಿ ಮುಚ್ಚಿದಳು. ಆಕೆ ರಾಣಿಯ ಸೀರೆಯ ನೆರಿಗೆ ಸರಿಮಾಡಿ, ಮಗುವನ್ನು ಮಲಗಿಸಿದ ಹಾಗೆ ಮಲಗಿಸಿದರು.

ಗಂಡಸರು ಡಬ್ಬಗಳನ್ನು ಕಿತ್ತು ಗ್ಯಾರೇಜಿಗೆ ಸಾಗಿಸಿದರು, ಟಿವಿ ಹಾಕಿದರು. ಅದರಲ್ಲಿ ಯಾವುದೋ ದೇಶದ ಭೂಪಟ ಬಂತು. ಇಬ್ಬರೂ ಸೋಫಾದಲ್ಲಿ ಮುಂದಕ್ಕೆ ಬಾಗಿದರು. ನಾವಿಬ್ಬರೂ ಅಡುಗೆಮನೆಗೆ ಹೋದೆವು. ಫ್ರಿಜ್ಜಿನಲ್ಲಿ ಮೆಂತ್ಯದ ಸೊಪ್ಪಿತ್ತು. ಬೇಕೆಂದೇ ಎರಡು ಕಟ್ಟು ತೆಗೆದೆ.