ಸೋನಕ್ಕ ಮಾತು ಬಿಟ್ಟ ಬೇಸಿಗೆ

ಧಾರವಾಡದಿಂದ ನಿಪ್ಪಾಣಿಗೆ ಹೋಗುವ ಬಸ್ಸು ಬೆಳಗಿನ ಆರೂವರೆಗೆ ಇತ್ತು. ನಾನು ಐದಕ್ಕೇ ನಿಲ್ದಾಣದಲ್ಲಿ ಕೂತಿದ್ದೆ. ಹಿಂದಿನ ರಾತ್ರಿ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಎಂಬತ್ತರ ದಶಕದ ಕೊನೆಯ ಒಂದು ಮೇ ತಿಂಗಳು ಅದು. ನಾನು ಆಗ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕ. ಕೃಷ್ಣಾ ಮತ್ತು ದೂಧಗಂಗಾ ದಂಡೆಗಳಲ್ಲಿ ಮೊಸಳೆ, ನೀರುನಾಯಿ, ಆಮೆಗಳು ಎಷ್ಟು ಉಳಿದಿವೆ, ಪಂಪ್‌ಸೆಟ್ಟು ಮತ್ತು ಇಟ್ಟಿಗೆ ಭಟ್ಟಿಗಳು ಬಂದ ಮೇಲೆ ಅವು ಎಲ್ಲಿ ಮೊಟ್ಟೆ ಇಡುತ್ತಿವೆ ಎಂದು ನೋಡಿ ಬರೆದುಕೊಂಡು ಬರಲು ವಿಭಾಗದ ಹಿರಿಯರು ನನ್ನನ್ನು ಕಳಿಸಿದ್ದರು. ಮೊಸಳೆಯ ಬಗ್ಗೆ ಹತ್ತು ವರ್ಷ ಪಾಠ ಹೇಳಿದ್ದೆ, ಆದರೆ ಜೀವಂತ ಮೊಸಳೆಯನ್ನು ಕಂಡವನಲ್ಲ. ಗಾಜಿನ ಭರಣಿಯಲ್ಲಿ ಫಾರ್ಮಲಿನ್ ಕುಡಿದು ಮಲಗಿದ್ದ ಗೇಣುದ್ದದ ಮರಿಯೊಂದೇ ನನ್ನ ಬಂಡವಾಳ. ಸಾಲದ್ದಕ್ಕೆ ನನಗೆ ಈಜು ಬಾರದು. ನೀರು ಮೊಣಕಾಲಿಗೆ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಇದನ್ನು ಹಿರಿಯರಿಗೆ ಹೇಳಲು ಮರ್ಯಾದೆ ಅಡ್ಡ ಬಂತು.

ನಿಪ್ಪಾಣಿಯಲ್ಲಿ ಇಳಿದಾಗ ಹನ್ನೊಂದು ಗಂಟೆ. ಊರ ತುಂಬ ತಂಬಾಕಿನ ಘಾಟು. ಸೀನಿ ಸೀನಿ ಕಣ್ಣಲ್ಲಿ ನೀರು ಬಂತು. ಚಪ್ಪಲಿಯ ಉಂಗುಷ್ಟ ಬಸ್ಸಿನಲ್ಲೇ ಕಿತ್ತುಹೋಗಿದ್ದರಿಂದ ಅಲ್ಲೇ ಒಂದು ಜೊತೆ ಹೊಸದು ಕೊಂಡೆ. ನಡೆದರೆ ಕರ್ರ್ ಕರ್ರ್ ಎಂದು ಸಪ್ಪಳ ಮಾಡುವಂಥವು. ಅಂಗಡಿಯವ ಹೆಮ್ಮೆಯಿಂದ ಹೇಳಿದ: "ಅಥಣಿ ಮಾಲ್ ಐತ್ರಿ ಸರ. ನೀವ್ ಬರೂದು ಊರಿಗೆಲ್ಲ ಗೊತ್ತಾಗತೈತಿ." ನಾನೂ ಅಂಗಡಿಯೊಳಗೆ ನಾಲ್ಕು ಹೆಜ್ಜೆ ಅತ್ತಿತ್ತ ನಡೆದು ಆ ಸಪ್ಪಳ ಕೇಳಿ ಖುಷಿಪಟ್ಟೆ. ಅಂದು ಚಿಕ್ಕೋಡಿಯ ಒಂದು ಖೋಲಿಯಲ್ಲಿ ಉಳಿದೆ.

ಮರುದಿನ ಸದಲಗಾಕ್ಕೆ ಹೋಗಿ ಬಾಡಿಗೆ ಸೈಕಲ್ಲಿನಲ್ಲಿ ದೂಧಗಂಗೆಯ ದಂಡೆ ಸುತ್ತಿದೆ. ಬಿಸಿಲು ನೆತ್ತಿ ಸುಡುತ್ತಿತ್ತು. ಕಬ್ಬು ನೀರಿನ ಅಂಚಿನವರೆಗೂ ಇಳಿದುಬಂದಿತ್ತು, ನಡುವೆ ಒಂದು ಮಾರು ಉಸುಕೂ ಉಳಿದಿರಲಿಲ್ಲ. ಉಳಿದ ಕಡೆ ದಂಡೆಯನ್ನೇ ಕಡಿದು ಇಟ್ಟಿಗೆ ಸುಟ್ಟಿದ್ದರು. ಮೊಸಳೆ ಮೊಟ್ಟೆ ಇಡುವುದು ಇಂಥ ಇಳಿಜಾರು ದಂಡೆಯ ಮೆತ್ತನೆ ಮಣ್ಣಿನಲ್ಲೇ. ಚಹಾದಂಗಡಿಗಳಲ್ಲಿ ವಿಚಾರಿಸಿದೆ. ಕನ್ನಡ ಮಾತಾಡುವವರು "ಮೊಸಳಿ" ಎಂದರು, ಮರಾಠಿಯವರು "ಸುಸರ" ಎಂದರು, ಇಬ್ಬರೂ ಮಾತ್ರ ಒಂದೇ ಉತ್ತರ ಕೊಟ್ಟರು: "ನಮ್ಮ ಊರಾಗ ಇಲ್ರಿ. ಮುಂದಿನ ಊರಾಗ ಅದಾವ." ಮುಂದಿನ ಊರಿನವರು ಹಿಂದಿನ ಊರಿಗೆ ಕೈ ತೋರಿಸಿದರು. ಒಬ್ಬ ಪಂಪಿನ ಮಾಲೀಕ ಬಸಿಗೆ ಸುರಿದುಕೊಂಡ ಚಹಾ ಊದುತ್ತ, "ತತ್ತಿ ಎಲ್ಲೆರ ಕಂಡ್ರ ನಮಗಷ್ಟ ಹೇಳ್ರಿ ಮಾಸ್ತರ. ಮುಂದಿಂದು ನಾವ್ ನೋಡ್ಕೋತೀವಿ" ಎಂದ. ಹೋದ ವರ್ಷ ಹೀಗೇ ಒಂದು ಗೂಡು ಸಿಕ್ಕಾಗ ಗುದ್ದಲಿಯಿಂದ ಒಡೆದರಂತೆ, ತಾಯಿಗೆ ಉರುಲು ಹಾಕಿ ಎಳೆದು ಬಡಿದರಂತೆ. ನನ್ನ ಚೀಲದಲ್ಲಿದ್ದ ವಹಿಯಲ್ಲಿ 'ಗೂಡಿನ ಜಾಗ' ಎಂಬ ಕಾಲಂ ಇತ್ತು. ಅದನ್ನು ನೆನೆಸಿ ಮೊದಲ ಸಲ ಅಳುಕಾಯಿತು.

ಸಂಜೆ ಬಸ್ಸು ಹಿಡಿದು ಕಾಗವಾಡ ಸೇರಿದೆ. ಅಲ್ಲಿಂದ ಮರುದಿನ ಯಾವ ಊರಿಗೆ ಹೋದೆ, ಹೊಳೆಯ ಯಾವ ದಂಡೆಗೆ ಹೋದೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಓದುವವರು ಸಿಟ್ಟಾಗಬಾರದು, ಕಾರಣ ಮುಂದೆ ತಿಳಿಯುತ್ತದೆ.

ಅಲ್ಲಿ ಹೊಳೆ ದಾಟಲು ದೋಣಿ ಇರಲಿಲ್ಲ. ಇದ್ದದ್ದು ಬೆಲ್ಲ ಕಾಯಿಸುವ ಕಬ್ಬಿಣದ ಕಡಾಯಿ. ಆಲೆಮನೆ ನಿಂತ ಮೇಲೆ ಆ ಕಡೆಯವರು ಅದನ್ನೇ ಹೊಳೆಗಿಳಿಸಿ ಮಂದಿ ದಾಟಿಸುತ್ತಾರೆ. ಹುಟ್ಟು ಹಾಕುವವ ದೇವಪ್ಪ ಎಂಬ ಮುದುಕ, ಒಬ್ಬರಿಗೆ ಎಂಟಾಣೆ. "ನಟ್ಟನಡುವ ಕುಂದರ್ರಿ ಸರ. ಅಲಗ್ಯಾಡಬ್ಯಾಡ್ರಿ" ಎಂದ. ಕುಕ್ಕರಗಾಲಿನಲ್ಲಿ ಕೂತೆ. ತಳದಲ್ಲಿ ಇನ್ನೂ ಬೆಲ್ಲದ ವಾಸನೆ ಇತ್ತು. ನಡುಹೊಳೆಗೆ ಬಂದಾಗ ಕಡಾಯಿ ತನ್ನಷ್ಟಕ್ಕೆ ತಾನೇ ಗಿರ್ರನೆ ಒಂದು ಸುತ್ತು ತಿರುಗಿತು. ಅಂಚಿನಿಂದ ನೀರಿಗೆ ಒಂದು ಗೇಣು ಅಂತರ. ಆ ಗೇಣಿನಾಚೆ ಏನೆಲ್ಲ ಇರಬಹುದೆಂದು ನನಗೆ ಗೊತ್ತಿದ್ದಷ್ಟು ದೇವಪ್ಪನಿಗೂ ಗೊತ್ತಿರಲಿಲ್ಲ, ಅದೇ ನನ್ನ ಕಷ್ಟ. "ಇಲ್ಲಿ ಮೊಸಳಿ ಅದಾವೇನಜ್ಜಾ?" ಎಂದೆ. "ನಾ ಅಂತೂ ಕೇಳೂದಿಲ್ರಿ, ಅದೂ ಹೇಳೂದಿಲ್ಲ" ಎಂದು ನಕ್ಕ. ನನ್ನನ್ನು ಇಳಿಸಿ, ಹೊತ್ತು ಇಳಿಯುವುದರೊಳಗೆ ಬರುತ್ತೇನೆಂದು ಕಡಾಯಿ ತಿರುಗಿಸಿಕೊಂಡು ಹೋದ.

ದಂಡೆಯ ಮೇಲೆ ಒಂದು ಪಂಪಿನ ಮನೆ. ಅದರ ಪಕ್ಕದ ಎತ್ತರದ ದಿಬ್ಬದಲ್ಲಿ ಬಿಳಿ ಸೀರೆಯ ವಯಸ್ಸಾದ ಹೆಂಗಸೊಬ್ಬಳು ಜಪಮಾಲೆ ಹಿಡಿದು ಕೂತಿದ್ದಳು. ಕೆಳಗೆ ಅವಳ ಮಗ ಅಪ್ಪಾಸಾಬ ಅಂಗಿ ಕಳಚುತ್ತಿದ್ದ, ಮೂವತ್ತು ದಾಟಿದ ಗಟ್ಟಿ ಆಳು. ಜೈನರ ಮನೆತನ, ಎಂಟು ಎಕರೆ ಕಬ್ಬು. ನಾನು ಯಾರೆಂದು ಹೇಳಿ, ಅವನ ತಾಯಿಗೆ ಮೊಸಳೆಯ ಸುದ್ದಿ ಕೇಳಿದೆ. ಅವಳು ಮಣಿ ಎಣಿಸುತ್ತಲೇ ಇದ್ದಳು.

"ಅವ್ವಗ ಮೌನ ಐತ್ರಿ" ಎಂದ ಅಪ್ಪಾಸಾಬ. "ಮಹಾವೀರ ಜಯಂತಿಯಿಂದ ಮಾತ ಬಿಟ್ಟಾಳ. ಎಂದ ಮುಗಸ್ತಾಳ ನಮಗೂ ಗೊತ್ತಿಲ್ಲ. ಸೋನಕ್ಕಗ ಪುಣ್ಯೇದ ಹುಚ್ಚ ಹಿಡದೈತಿ ಅಂತಾರ ಊರಾಗ."

ಅವನಿಗೆ ಕೆಲಸವಿತ್ತು. ಪೈಪಿನ ತುದಿ ನದಿಯೊಳಗೆ ಎರಡಾಳು ಆಳದಲ್ಲಿ ಇರುತ್ತದೆ. ಅದರ ಬಾಯಿಯ ಕವಾಟಕ್ಕೆ, ಅಂದರೆ ಫುಟ್‌ವಾಲಿಗೆ, ಪಾಚಿ, ಜೊಂಡು ಸುತ್ತಿಕೊಂಡರೆ ನೀರು ಏರುವುದಿಲ್ಲ, ಯಾರಾದರೂ ಮುಳುಗಿ ಕಿತ್ತು ಬರಬೇಕು. ಅವನು ನೀರಿನ ಅಂಚಿನಲ್ಲಿ ನಿಂತು ತಾಯಿಯ ಕಡೆ ನೋಡಿದ. ಅವಳು ದೂರದಲ್ಲಿ ಏನನ್ನೋ ದಿಟ್ಟಿಸಿ, ಆಮೇಲೆ ಬಲಗೈ ಎತ್ತಿದಳು. "ಅವ್ವ ಕೈ ಎತ್ತೂ ತನಕ ಇಳ್ಯೂ ಹಂಗಿಲ್ಲ, ಕೈ ಇಳಿಸಿದಳಂದ್ರ ಕೆಲಸ ಬಿಟ್ಟ ಮ್ಯಾಲ ಬರಬೇಕ. ಇದೂ ಒಂದು ಹೊಸಾ ನೇಮ" ಎಂದು ನನ್ನ ಕಡೆ ಕಣ್ಣು ಹೊಡೆದು ನೀರಿಗೆ ಹಾರಿದ.

ನಾನು ದಂಡೆಗುಂಟ ಕೆಳಕ್ಕೆ ನಡೆದೆ. ನೂರು ಹೆಜ್ಜೆ ಹೋಗಿರಬಹುದು, ಉಸುಕಿನ ಮೇಲೆ ಅಗಲವಾದದ್ದೇನೋ ಜಾರಿದ ಗುರುತು ಕಂಡಿತು. ಎರಡೂ ಬದಿಗೆ ಉಗುರಿನ ಹೆಜ್ಜೆ. ನಡುವೆ ಬಾಲ ಎಳೆದ ಗೆರೆ. ನಿಜ ಹೇಳುತ್ತೇನೆ, ಆ ಕ್ಷಣ ಭಯ ಮರೆತುಹೋಯಿತು. ಹತ್ತು ವರ್ಷ ಸೀಮೆಸುಣ್ಣದಲ್ಲಿ ಬರೆದದ್ದು ಕಾಲ ಬುಡದಲ್ಲಿ ಬಿದ್ದಿತ್ತು. ಗೆರೆ ಒಂದು ಜಾಲಿಯ ಪೊದೆಯ ಕಡೆ ಹೋಗಿತ್ತು. ಬಗ್ಗಿ ಅದನ್ನೇ ನೋಡುತ್ತ ಹೆಜ್ಜೆ ಹಾಕಿದೆ.

"ಮಾಸ್ತರ, ಕಾಲ ಎತ್ತಬ್ಯಾಡ್ರಿ."

ಕೂಗಿದ್ದಲ್ಲ. ಒಲೆಯ ಮುಂದೆ ಕೂತು ಹೇಳಿದಂಥ ಸಣ್ಣ ದನಿ. ಕತ್ತಷ್ಟೇ ಹೊರಳಿಸಿ ನೋಡಿದರೆ ಸೋನಕ್ಕ ದಿಬ್ಬದಂಚಿಗೆ ನನ್ನ ಹಿಂದೆಯೇ ಬಂದು ನಿಂತಿದ್ದಳು. ಎತ್ತಿದ ಕೈ ಈಗ ಕೆಳಗಿತ್ತು.

"ಪೊದಿ ನೆಳ್ಳಾಗ ಐತಿ. ನೀವ್ ಇನ್ನೊಂದ ಹೆಜ್ಜಿ ಇಟ್ರ ಅದು ನೀರಿಗೆ ಬೀಳತೈತಿ. ನೀರಾಗ ನನ್ನ ಮಗ ಅದಾನ."

ಆಗ ಕಂಡಿತು. ನಾನು ಒಣಗಿದ ಮರದ ಬೊಡ್ಡೆ ಎಂದುಕೊಂಡದ್ದಕ್ಕೆ ಕಣ್ಣಿತ್ತು. ಹತ್ತು ಹೆಜ್ಜೆ ದೂರ, ಬಾಯಿ ತೆರೆದು ಕೂತಿತ್ತು. ಬಾಯಿ ತೆರೆಯುವುದು ಮೈ ತಂಪು ಮಾಡಿಕೊಳ್ಳಲು, ಸಿಟ್ಟಿನಿಂದಲ್ಲ ಎಂದು ನಾನೇ ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದಿದ್ದೆ. ಆ ಹೊತ್ತಿಗೆ ಆ ವಾಕ್ಯ ನನ್ನ ಯಾವ ಕೆಲಸಕ್ಕೂ ಬರಲಿಲ್ಲ. ಎತ್ತಿದ ಹಿಮ್ಮಡಿ ಎತ್ತಿದಂತೆಯೇ ನಿಂತೆ. ಊರಿದರೆ ಚಪ್ಪಲಿ ಕರ್ರ್ ಎನ್ನುತ್ತದೆ, ಆ ಸಪ್ಪಳಕ್ಕೆ ನಾನೇ ದುಡ್ಡು ಕೊಟ್ಟಿದ್ದೆ. ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಕೈ ಏಳಲಿಲ್ಲ. ಮನುಷ್ಯರೆಂಬುವರು ಹುಟ್ಟುವುದಕ್ಕೆ ಕೋಟ್ಯಂತರ ವರ್ಷ ಮೊದಲೇ ಇದರ ಹಿರಿಯರು ಹೀಗೇ ದಂಡೆಯಲ್ಲಿ ಕೂತು ತತ್ತಿ ಕಾಯುತ್ತಿದ್ದರು. ಈಗ ಅದಕ್ಕೆ ಉಳಿದದ್ದು ಎರಡು ಪಂಪಿನ ನಡುವಿನ ಇಷ್ಟು ಉಸುಕು. ಅದು ನನ್ನನ್ನು ನೋಡುತ್ತಿತ್ತು. ನಾನು ನೀರನ್ನು ನೋಡುತ್ತಿದ್ದೆ. ಅಪ್ಪಾಸಾಬ ಮೇಲೆ ಬಂದಿರಲಿಲ್ಲ.

ಎಷ್ಟು ಹೊತ್ತಾಯಿತೋ. ಪೈಪಿನ ಹತ್ತಿರ ತಲೆಯೊಂದು ಮೇಲೆದ್ದಿತು. ಉಸಿರು ಎಳೆದುಕೊಂಡ, ದಿಬ್ಬದ ಮೇಲೆ ತಾಯಿಯನ್ನು ಹುಡುಕಿದ, ಅವಳ ಕೈ ಕೆಳಗಿರುವುದನ್ನು ಕಂಡು ಗೊಣಗುತ್ತ ದಂಡೆ ಹತ್ತಿದ. ಅವನ ಎರಡನೆಯ ಕಾಲು ಉಸುಕಿಗೆ ಬಂದ ಮೇಲೆ ನನ್ನ ಹಿಮ್ಮಡಿ ತಾನೇ ಊರಿತು. ಚಪ್ಪಲಿ ಸಪ್ಪಳ ಮಾಡಿತು. ಮೊಸಳೆ ಹೊಟ್ಟೆಯ ಮೇಲೆ ಜಾರಿ, ನೀರು ಹೆಚ್ಚು ಕದಡದೆ ಒಳಗೆ ಹೋಯಿತು, ನೇರವಾಗಿ ಪೈಪಿನ ಕಡೆಗೆ. ಅಪ್ಪಾಸಾಬ ಅದನ್ನು ನೋಡಿದ. ಅವನು ಅಲ್ಲೇ ಉಸುಕಿನಲ್ಲಿ ಕುಸಿದು ಕೂತ.

"ನಿನಗ ಗೊತ್ತಿತ್ತೇನಬೇ?" ಎಂದು, ನಾವಿಬ್ಬರೂ ಅವನ ಹತ್ತಿರ ಬಂದಾಗ, ತಾಯಿಗೆ ಕೇಳಿದ.

"ಗೊತ್ತಿತ್ತು" ಎಂದಳು ಸೋನಕ್ಕ. "ಮಹಾವೀರ ಜಯಂತಿ ದಿನಾನ ನನ್ನ ಕಣ್ಣ ಮುಂದನ ತೆಗ್ಗ ತೋಡಿ ತತ್ತಿ ಇಟ್ಟತು. ಸುಳ್ಳ ಆಡೂದಿಲ್ಲಂತ ಮುನಿಗಳ ಮುಂದ ವ್ರತಾ ಹಿಡದೇನಿ. ಯಾರರ ಕೇಳಿದ್ರ 'ಐತಿ' ಅನಬೇಕ. 'ಐತಿ' ಅಂದ್ರ ಕೊಲ್ಲತಾರ. ಅದಕ್ಕ, ಮರಿ ನೀರಿಗಿಳ್ಯೂ ತನಕ ಮಾತ ಬಿಟ್ಟೆ. ಅದು ಪೊದ್ಯಾಗ ಇದ್ದಾಗಷ್ಟ ನಿನಗ ಕೈ ಎತ್ತತೇನಿ. ದಿನಾ ಜೀಂವ ಕೈಯಾಗ ಹಿಡಕೊಂಡ ಕುಂದರತೇನಿ, ನಿನಗೇನ ಗೊತ್ತ?"

ಅಪ್ಪಾಸಾಬ ಸಿಟ್ಟಿನಿಂದ ಎದ್ದ. "ನಾಳಿ ಮಂದಿ ಕರಕೊಂಡ ಬರ್ತೇನಿ" ಎಂದ. ಸೋನಕ್ಕ ಮತ್ತೆ ಮೌನ ಹಿಡಿದು ಮಣಿ ಎಣಿಸತೊಡಗಿದಳು.

ಜೈನರ ನೇಮದಂತೆ ಹೊತ್ತು ಮುಳುಗುವ ಮೊದಲೇ, ಪಂಪಿನ ಮನೆಯಲ್ಲೇ ಅವರ ಊಟ. ನನಗೂ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯೆ, ಗಟ್ಟಿ ಮೊಸರು ಬಡಿಸಿದಳು. ಅಪ್ಪಾಸಾಬ ತಾಟಿಗೆ ಕೈ ಹಚ್ಚದೆ ಕೇಳಿದ: "ತತ್ತಿ ಒಡ್ಯಾಕ ಇನ್ನ ಎಷ್ಟ ದಿನಾ ಬೇಕ್ರಿ ಮಾಸ್ತರ?"

"ಹದಿನೈದು, ಇಪ್ಪತ್ತು ದಿನ."

"ಅಲ್ಲೀತನ ಮೋಟಾರ್ ಬಂದ್ ಇಟ್ರ ಕಬ್ಬ ಒಣಗತೈತಿ. ನಾ ಇಳೀಲೇಬೇಕ. ಅದು ನನಗ ಏನೂ ಮಾಡೂದಿಲ್ಲಂತ ಹೇಳ್ತೀರೇನ್?"

ಸೋನಕ್ಕ ನನ್ನ ಮುಖ ನೋಡಿದಳು. ಅದು ಹೆಚ್ಚಾಗಿ ಮೀನು ತಿನ್ನುತ್ತದೆ ಎನ್ನಬಹುದಿತ್ತು. ಗೂಡು ಕಾಯುವ ತಾಯಿಯ ವಿಷಯದಲ್ಲಿ ಆ ಭರವಸೆ ಕೊಡಲು ನಾನು ಓದಿದ ಯಾವ ಪುಸ್ತಕವೂ ಸಾಲದು. "ಹೇಳಲಾರೆ" ಎಂದೆ. ಅವನು ಎದ್ದು ಕೈ ತೊಳೆದುಕೊಂಡ.

ದೇವಪ್ಪ ಬಂದಾಗ ಇನ್ನೂ ಬೆಳಕಿತ್ತು. "ಏನರ ಸಿಕ್ತೇನ್ರಿ?" ಎಂದ. ಬೆಳಿಗ್ಗೆ ಎರಡು ಆಮೆ ಕಂಡಿದ್ದೆ, ಅಷ್ಟನ್ನೇ ಹೇಳಿದೆ. ಕಡಾಯಿ ಪೈಪಿನ ಮೇಲಿಂದ ಹಾಯುವಾಗ ವಹಿಯನ್ನು ಎದೆಗೆ ಒತ್ತಿ ಹಿಡಿದು ಕಣ್ಣು ಮುಚ್ಚಿ ಕೂತೆ. ಗೂಡಿನ ಕಾಲಂ ಖಾಲಿ ಇತ್ತು, ಹಾಗೇ ಉಳಿಯಿತು. ಮರುದಿನ ಉಗಾರದಲ್ಲಿ ರೈಲು ಹತ್ತಿದೆ. ಕುಡಚಿಗೆ ಮೊದಲು ಗಾಡಿ ಕೃಷ್ಣೆಯ ಸೇತುವೆಯ ಮೇಲೆ ನಿಧಾನವಾಯಿತು. ಕೆಳಗೆ ದಂಡೆಗುಂಟ ಪಂಪಿನ ಪೈಪುಗಳು ಸಾಲಾಗಿ ನೀರಿಗಿಳಿದಿದ್ದವು. ಪ್ರತಿಯೊಂದರ ಹತ್ತಿರ ಒಂದು ತಲೆ ಮೇಲೇಳುವುದನ್ನು ಕಾಯುತ್ತ ಕಿಟಕಿ ಹಿಡಿದು ನಿಂತೆ. ರಾಯಬಾಗ ಬರುವವರೆಗೆ ಕೂರಲಾಗಲಿಲ್ಲ.

ಹಿರಿಯರು ಖಾಲಿ ಕಾಲಂ ನೋಡಿ ಮುಖ ಗಂಟಿಕ್ಕಿದರು. ನಾನು ಆಮೆಗಳ ಲೆಕ್ಕದ ಪುಟ ತಿರುವಿ ತೋರಿಸಿದೆ. ಆದರೆ ಆ ತಿಂಗಳು ಪೋಸ್ಟಿನವನ ಸೈಕಲ್ ಗಂಟೆ ಕೇಳಿದರೆ ಬಾಗಿಲಿಗೆ ಓಡುತ್ತಿದ್ದೆ. ಹೊರಡುವಾಗ ಅಪ್ಪಾಸಾಬನಿಗೆ ನನ್ನ ವಿಳಾಸ ಬರೆದ ಕಾರ್ಡೊಂದನ್ನು ಕೊಟ್ಟುಬಂದಿದ್ದೆ. ಅದನ್ನು ಅವನೇ ಬರೆಯುತ್ತಾನೋ, ಅವನ ಬಗ್ಗೆ ಬೇರೆಯವರು ಬರೆಯುತ್ತಾರೋ ಎಂದು ಹೆದರಿಕೆ. ಮಳೆ ಹಿಡಿದ ಮೇಲೆ ಕಾರ್ಡು ಬಂತು. ಒದ್ದೆಯಾಗಿ ಶಾಯಿ ಹರಡಿತ್ತು. ಅಕ್ಷರ ಅಪ್ಪಾಸಾಬನದು, ಇದ್ದದ್ದು ಒಂದೇ ಸಾಲು:

"ಅವ್ವ ಮಾತಾಡಾಕತ್ತಾಳ."