ಕಂಡಕ್ಟ್ರಮ್ಮನ ಗಂಟಿನಲ್ಲಿದ್ದ ಅಂಗಿ

ಕಂಡಕ್ಟ್ರಮ್ಮನ ಸುದ್ದಿ ಮೊದಲ ಸಲ ನನ್ನ ಕಿವಿಗೆ ಬಿದ್ದಾಗ ನಾನು ಒಬ್ಬ ಗಂಡಸಿನ ಅಂಗಿಯ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದೆ. ಆತ ಬನಿಯನ್ನಿನಲ್ಲೇ ನನ್ನ ಮೇಜಿನ ಪಕ್ಕ ನಿಂತಿದ್ದ. ಊರು ಇನ್ನೂ ಎರಡು ಮೈಲಿ ಇರುವಾಗಲೇ ಬಸ್ಸಿನಿಂದ ಇಳಿಸಿಬಿಟ್ಟಿದ್ದರಂತೆ. ಬಿಸಿಲಲ್ಲಿ ನಡೆದು ಬಂದು ಅಂಗಿ ಬೆವರಿ ಮುದ್ದೆಯಾಗಿತ್ತು. ಅದೇ ಅವತಾರದಲ್ಲಿ ಕಚೇರಿಗೆ ಹೋಗುವ ಹಾಗಿರಲಿಲ್ಲ.

“ಯಾಕಪ್ಪ ಇಳಿಸಿದ್ರು?” ಅಂದೆ.

“ಯಾವುದೋ ಹುಡುಗಿಗೆ ಮೈ ತಾಗ್ತಂತೆ. ತುಂಬಿದ ಬಸ್ಸಲ್ಲಿ ತಾಗದೆ ಇನ್ನೇನಾಗುತ್ತೆ? ಹೆಂಗಸು ಕಂಡಕ್ಟರ್ ಕಣಮ್ಮ. ಸೀಟಿ ಊದಿ ಬಸ್ ನಿಲ್ಲಿಸಿ, ‘ನೀವು ಇಳೀರಿ, ಆಮೇಲೆ ಬಸ್ ಹೊರಡುತ್ತೆ’ ಅಂದ್ಲು. ಅರವತ್ತು ಜನ ನನ್ನ ಮುಖಾನೇ ನೋಡ್ತಿದ್ರು.”

“ಹೆಣ್ಣಿಗೆ ಅಷ್ಟು ಬಾಯಿ ಇರಬಾರದು ಬಿಡು,” ಅಂದೆ ನಾನು.

ಆ ಹುಡುಗಿಯ ಯೋಚನೆ ನನಗೆ ಬರಲೇ ಇಲ್ಲ. ಅಂಗಿಯನ್ನು ಗರಿಗರಿಯಾಗಿ ಮಾಡಿಕೊಟ್ಟೆ. ಆತ ಹೊಸ ಮನುಷ್ಯನ ಹಾಗೆ ತೊಟ್ಟುಕೊಂಡು ಹೋದ.

ವರ್ಷ ಕಳೆಯುವುದರೊಳಗೆ ಕಂಡಕ್ಟ್ರಮ್ಮ ತಮ್ಮ ತಾಯಿಯನ್ನು ಕರೆದುಕೊಂಡು ನಮ್ಮ ಬೀದಿಗೇ ಬಾಡಿಗೆಗೆ ಬಂದರು. ಮದುವೆಯಾಗಿ ಬಿಟ್ಟವರೋ, ಮದುವೆಯೇ ಆಗದವರೋ, ಯಾರೂ ಕೇಳಿ ತಿಳಿದುಕೊಳ್ಳಲಿಲ್ಲ. ಕೇಳದೆಯೇ ಎರಡು ಬಗೆಯ ಕಥೆ ಕಟ್ಟಿಕೊಂಡಿದ್ದೆವು. ವಾರಕ್ಕೆ ಮೂರು ಖಾಕಿ ಅಂಗಿ ನನ್ನ ಹತ್ತಿರ ಬರುತ್ತಿದ್ದವು. ಮೂರಕ್ಕೂ ಎಡಹೆಗಲು ಸವೆದು ಜಾಳಾಗಿರುತ್ತಿತ್ತು. ಟಿಕೆಟ್ ಚೀಲದ ಪಟ್ಟಿ ಉಜ್ಜುವ ಜಾಗ ಅದು. ಅಲ್ಲಿಗೆ ನಾನೇ ಒಳಗಿನಿಂದ ತೇಪೆ ಹಾಕಿಕೊಟ್ಟಿದ್ದೆ.

ಒಂದು ದಿನ ಬಿರುಬಿಸಿಲಿನಲ್ಲಿ ಬಂದವರಿಗೆ ನೀರು ಕೊಡಹೋದರೆ ಬೇಡ ಅಂದರು.

“ಕೆಲಸದ ದಿನ ನೀರು ಮುಟ್ಟಲ್ಲ ಇಸ್ತ್ರಿ ಅಮ್ಮ. ಕುಡಿದ್ರೆ ಹೋಗೋದೆಲ್ಲಿಗೆ? ಈ ದಾರಿಯಲ್ಲಿ ಹನ್ನೊಂದು ಬಸ್ ಸ್ಟ್ಯಾಂಡ್ ಇವೆ. ಬಾಗಿಲಿರೋ ಕಕ್ಕಸು ಒಂದೂ ಇಲ್ಲ.”

ನಗುತ್ತಲೇ ಹೇಳಿದರು. ಹತ್ತೊಂಬತ್ತು ವರ್ಷ ಹಾಗೇ ದುಡಿದಿದ್ದರು. ಕೆಲಸ ಬಿಟ್ಟು ಪುರಸಭೆಯ ಚುನಾವಣೆಗೆ ನಿಂತದ್ದೂ ಆ ಒಂದು ಬಾಗಿಲಿಗಾಗಿ. ಬಸ್ಸಿನಲ್ಲಿ ದಿನಾ ಓಡಾಡುವ ಹೆಂಗಸರೆಲ್ಲ ಓಟು ಹಾಕಿದರು. ಎರಡನೆಯ ಸಲ ಗೆದ್ದಾಗ ಅಧ್ಯಕ್ಷೆಯಾದರು. ಸಭೆಯಲ್ಲಿ ಸದಸ್ಯರು ಬಾಗಿಲ ಹತ್ತಿರ ಗುಂಪುಗಟ್ಟಿದರೆ, “ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ,” ಅನ್ನುತ್ತಿದ್ದರಂತೆ. ಮೊದಮೊದಲು ಎಲ್ಲರೂ ನಕ್ಕರು. ಬಸ್ ನಿಲ್ದಾಣದ ಪಕ್ಕದ ಜಾಗವನ್ನು ಅಂಗಡಿಗಳಿಗೆ ಕೊಡದೆ ಹೆಂಗಸರ ಶೌಚಾಲಯಕ್ಕೆ ಪಾಯ ತೆಗೆಸಿದ ಮೇಲೆ ನಗು ನಿಂತಿತು.

ಆ ಜಾಗದ ಮೇಲೆ ಕಣ್ಣಿಟ್ಟಿದ್ದವರು ಉಪಾಧ್ಯಕ್ಷರು. ನನ್ನ ಇಸ್ತ್ರಿ ಮೇಜು ಇದ್ದದ್ದು ಅವರ ಮನೆಯ ಹೊರಮೆಟ್ಟಿಲ ಕೆಳಗೆ. ನನ್ನ ಗಂಡ ತೀರಿಕೊಂಡ ವರ್ಷ ಅವರ ತಂದೆ, “ಇಲ್ಲೇ ಒಂದು ಮೂಲೆಯಲ್ಲಿ ಹೊಟ್ಟೆ ಹೊರಕೋ ಹೋಗಮ್ಮ,” ಎಂದು ಬಿಟ್ಟುಕೊಟ್ಟ ಜಾಗ ಅದು. ಇಪ್ಪತ್ತಾರು ವರ್ಷ ಅಲ್ಲೇ ಇದ್ದಿಲು ಊದಿದ್ದೆ.

ನನ್ನ ಕೆಲಸದ ರೀತಿ ಹೇಳಬೇಕು. ಬೇರೆಯವರು ಬಟ್ಟೆಗೆ ಶಾಯಿಯಲ್ಲಿ ಅಂಕಿ ಬರೆಯುತ್ತಾರೆ. ನನಗೆ ಅದು ಹಿಡಿಸದು, ಬಟ್ಟೆ ಕೊಳಕಾಗುತ್ತದೆ. ಮನೆಗೊಂದು ಬಣ್ಣದ ದಾರ ಇಟ್ಟುಕೊಂಡು, ಕಾಲರಿನ ಒಳಗೋ ಅಂಚಿನಲ್ಲೋ ಯಾರಿಗೂ ಕಾಣದ ಹಾಗೆ ಒಂದೇ ಒಂದು ಹೊಲಿಗೆ ಹಾಕುತ್ತಿದ್ದೆ. ಕಂಡಕ್ಟ್ರಮ್ಮನ ಮನೆಗೆ ನೀಲಿ, ಉಪಾಧ್ಯಕ್ಷರ ಮನೆಗೆ ಕಪ್ಪು. “ಆ ಅಮ್ಮನ ಕೈಯಲ್ಲಿ ಕರವಸ್ತ್ರ ಕೂಡ ಅದಲುಬದಲಾಗಲ್ಲ,” ಎಂದು ಊರೇ ಹೇಳುತ್ತಿತ್ತು. ಆ ಮಾತು ಕೇಳಿದರೆ ನನ್ನ ಹೊಟ್ಟೆ ತುಂಬುತ್ತಿತ್ತು.

ಕಂಡಕ್ಟ್ರಮ್ಮ ಅಧ್ಯಕ್ಷೆಯಾದ ಎರಡನೆಯ ವರ್ಷ ನನ್ನ ಕಣ್ಣಿಗೆ ಪೊರೆ ಬಂತು. ಮೋಡ ಕವಿದರೆ ನನಗೆ ನೀಲಿಯೂ ಒಂದೇ, ಕಪ್ಪೂ ಒಂದೇ. ಯಾರಿಗೂ ಹೇಳಲಿಲ್ಲ. ಕಣ್ಣು ಕಾಣದ ಇಸ್ತ್ರಿಯವಳಿಗೆ ಯಾರು ಬಟ್ಟೆ ಕೊಡುತ್ತಾರೆ?

ಒಂದು ಬೆಳಿಗ್ಗೆ ಕಂಡಕ್ಟ್ರಮ್ಮ, ಕಚೇರಿಯಿಂದ ನೇರ ಬೇರೆ ಊರಿಗೆ ಹೋಗಬೇಕು, ಗಂಟನ್ನು ಕಚೇರಿಗೇ ಕಳಿಸಿ ಎಂದು ಹೇಳಿಕಳಿಸಿದರು. ನನ್ನ ಸೊಸೆ ಕೊಟ್ಟು ಬಂದಳು. ಮಧ್ಯಾಹ್ನ ಉಪಾಧ್ಯಕ್ಷರ ಹೆಂಡತಿ ಮೆಟ್ಟಿಲಿಳಿದು ಬಂದು, “ಇವರ ಹೊಸಾ ಗೀರು ಅಂಗಿ ಎಲ್ಲಮ್ಮ? ನಿನ್ನೆ ಕೊಟ್ಟಿದ್ನಲ್ಲ,” ಅಂದರು. ಅವರ ಗಂಟು ಬಿಚ್ಚಿದೆ, ಇರಲಿಲ್ಲ. ಮೇಜಿನ ಕೆಳಗೆ, ಬುಟ್ಟಿಯಲ್ಲಿ, ಎಲ್ಲೂ ಇಲ್ಲ. ಹಿಂದಿನ ದಿನ ಮೋಡದಲ್ಲಿ ಆ ಅಂಗಿಗೆ ಗುರುತು ಹಾಕಿದ್ದು ನೆನಪಾಯಿತು. ಕಪ್ಪಿನ ಬದಲು ನೀಲಿ ದಾರ ಬಿದ್ದಿರಬೇಕು.

“ಸಂಜೆ ಕೊಡ್ತೀನಿ ತಾಯಿ, ಇನ್ನೂ ಮಡಚಿಲ್ಲ,” ಅಂದೆ. ಕಂಡಕ್ಟ್ರಮ್ಮ ಊರಿಗೆ ಹೊರಡುವ ಮುಂಚೆ ಕಚೇರಿಗೆ ಹೋಗಿ ಸದ್ದಿಲ್ಲದೆ ತಂದುಬಿಡೋಣ ಎಂದುಕೊಂಡೆ.

ಅಷ್ಟರಲ್ಲಿ ಕಚೇರಿಯಲ್ಲಿ ಗಂಟು ಬಿಚ್ಚಿ ಆಗಿತ್ತು. ಅಧ್ಯಕ್ಷೆಯ ಬಟ್ಟೆಗಳ ನಡುವೆ ಗಂಡಸಿನ ಅಂಗಿ, ಅದೂ ಉಪಾಧ್ಯಕ್ಷರು ಹಿಂದಿನ ವಾರದ ಸಭೆಗೆ ತೊಟ್ಟು ಬಂದಿದ್ದ ಅಂಗಿ. ಎದುರು ಕೂತಿದ್ದ ಸದಸ್ಯನೊಬ್ಬ ಫೋನಿನಲ್ಲಿ ಫೋಟೋ ತೆಗೆದ. ಸಂಜೆಯೊಳಗೆ ಅದು ಊರಿನ ಎಲ್ಲ ಫೋನುಗಳಲ್ಲೂ ಇತ್ತು, ಕೆಳಗೆ ಬರೆದ ಮಾತುಗಳ ಸಮೇತ. ಸೊಸೆ ಓದಿ ಹೇಳಲು ಹೊರಟವಳು ಅರ್ಧಕ್ಕೇ ನಿಲ್ಲಿಸಿ, “ಬೇಡ ಬಿಡಿ ಅತ್ತೆ,” ಅಂದಳು.

ಕಂಡಕ್ಟ್ರಮ್ಮ ಅಲ್ಲಿದ್ದವರಿಗೆಲ್ಲ, ಇದು ಇಸ್ತ್ರಿ ಮೇಜಿನಲ್ಲಿ ಆದ ಅದಲುಬದಲು ಎಂದೇ ಹೇಳಿದ್ದರು. ಹಾಗಾಗಿ ಜನ ನೇರವಾಗಿ ನನ್ನ ಹತ್ತಿರ ಬಂದರು. ಏಳೆಂಟು ಗಂಡಸರು, ಹಿಂದೆ ನಾಲ್ಕು ಹೆಂಗಸರು.

“ಏನಜ್ಜಿ, ವಯಸ್ಸಾಯ್ತಾ? ಗಂಟು ಕಟ್ಟೋದು ಮರೆತೋಯ್ತಾ?”

“ಪಾಪ, ಕಣ್ಣು ಮಂಜಾಗಿರಬೇಕು ಬಿಡ್ರೋ.”

ಅವರು ನಗುತ್ತಿದ್ದರು. ಆ ನಗು ನನಗೆ ಚುಚ್ಚಿತು. “ಇಪ್ಪತ್ತಾರು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಕರವಸ್ತ್ರನೂ ಅದಲುಬದಲಾಗಿಲ್ಲ,” ಅಂದೆ. “ಯಾರ ಮನೆಯಿಂದ ಏನು ಬರುತ್ತೋ, ಅವರ ಮನೆಗೆ ಅದೇ ಹೋಗುತ್ತೆ.”

ಅಷ್ಟೇ ಹೇಳಿದ್ದು. ಕಂಡಕ್ಟ್ರಮ್ಮನ ಮೇಲೆ ಒಂದು ಕೆಟ್ಟ ಮಾತೂ ಆಡಲಿಲ್ಲ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಅದಕ್ಕಿಂತ ಕೆಟ್ಟ ಮಾತು ಆ ದಿನ ಬೇರೆ ಯಾರೂ ಆಡಿರಲಿಲ್ಲ. ಬಟ್ಟೆಯ ವಿಚಾರದಲ್ಲಿ ನನ್ನ ಮಾತಿಗೆ ಎರಡನೆಯ ಮಾತಿಲ್ಲ ಎಂದು ಊರು ನಂಬಿತ್ತು.

ಮಾರನೆಯ ದಿನ ಉಪಾಧ್ಯಕ್ಷರು ಮೆಟ್ಟಿಲಿಳಿಯುವಾಗ ನಿಂತರು. ಅವರ ಅಂಗಿ ನನ್ನ ಮೇಜಿನ ಮೇಲೆ ಇತ್ತು ಎಂಬುದು ಅವರಿಗೂ ಗೊತ್ತು, ಅವರ ಹೆಂಡತಿಗೂ ಗೊತ್ತು.

“ಅಜ್ಜಿ, ನಿನ್ನೆ ಒಳ್ಳೆ ಮಾತು ಹೇಳಿದ್ರಂತೆ. ಅದೇ ಮಾತಲ್ಲಿರಿ,” ಅಂದರು. ತಲೆಯೆತ್ತಿ ಮೆಟ್ಟಿಲ ಅಡಿಭಾಗವನ್ನೊಮ್ಮೆ ನೋಡಿದರು. “ಇಲ್ಲಿ ಸೋರುತ್ತಲ್ಲ? ಒಂದು ತಗಡು ಹಾಕಿಸಿಕೊಡ್ತೀನಿ.”

ತಗಡು ಬಂತು. ನಾನು ಬೇಡ ಅನ್ನಲಿಲ್ಲ.

ಅವರನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ ಒಬ್ಬಿಬ್ಬರಿಗೆ ಹೌದೆಂದೂ ಅಲ್ಲವೆಂದೂ ಹೇಳದೆ ಮೀಸೆಯಲ್ಲೇ ನಕ್ಕರಂತೆ. ಜನ ಅವರ ಬೆನ್ನು ತಟ್ಟಿದರು. ಕಂಡಕ್ಟ್ರಮ್ಮ ನಡೆದು ಹೋದರೆ ಮಾತ್ರ ಅಂಗಡಿಗಳ ಮುಂದೆ ಸೀಟಿ ಕೇಳಿಸುತ್ತಿತ್ತು, ಬಸ್ಸು ನಿಲ್ಲಿಸುವ ಸೀಟಿಯ ಹಾಗೆ. ಪಾಯದ ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ ಅಂಗಿಯ ಚಿತ್ರ ಬರೆದಿದ್ದರು.

“ಅಂಗಿ ಅವನದ್ದು, ಮಾನ ಹೋಗಿದ್ದು ಇವರದ್ದು. ಇದ್ಯಾವ ನ್ಯಾಯ ಅತ್ತೆ?” ಅಂದಳು ಸೊಸೆ, ರೊಟ್ಟಿ ಹರಿಯುತ್ತಾ. ನಾನು ತಟ್ಟೆಗೆ ಪಲ್ಯ ಬಡಿಸಿಕೊಂಡೆ. ಅವಳು ಬಿಡಲಿಲ್ಲ. “ಗಂಟು ಕಟ್ಟಿದ್ದು ನೀವು, ಹೊತ್ತುಕೊಂಡು ಹೋಗಿದ್ದು ನಾನು. ಮಧ್ಯೆ ಅಂಗಿ ಏನು ಆಕಾಶದಿಂದ ಬಿತ್ತಾ?”

“ಸುಮ್ನೆ ಊಟ ಮಾಡು,” ಅಂದೆ.

ಅವಿಶ್ವಾಸ ಗೊತ್ತುವಳಿಗೆ ದಿನ ಗೊತ್ತಾಯಿತು. ಅದಕ್ಕೆ ಎರಡು ದಿನ ಮುಂಚೆ ಕಂಡಕ್ಟ್ರಮ್ಮ ಮೇಜಿನ ಹತ್ತಿರ ಬಂದರು. ಎಂದಿನಂತೆ ಬಟ್ಟೆ ಕೊಟ್ಟರು. ಮೆಲ್ಲಗೆ ಕೇಳಿದರು: “ಅಮ್ಮ, ಯಾರಿಗೂ ಹೇಳಬೇಕಾಗಿಲ್ಲ, ನನಗೆ ಮಾತ್ರ ಹೇಳಿ. ಎಲ್ಲೋ ಕೈ ತಪ್ಪಿರಬಹುದಾ?”

ಮೇಲೆ ಕಿಟಕಿ ತೆರೆದಿತ್ತು. ತಲೆಯ ಮೇಲೆ ಹೊಸ ತಗಡು ಹೊಳೆಯುತ್ತಿತ್ತು.

“ನನ್ನ ಕೈ ತಪ್ಪಲ್ಲ ತಾಯಿ,” ಅಂದೆ.

“ಹಾಗಾದ್ರೆ ಯಾರೋ ಬೇಕಂತಲೇ ಇಟ್ಟಿರ್ಬೇಕು,” ಎಂದು ಹೇಳಿ ಹೋದರು. ನನ್ನ ಮೇಲೆ ಅವರಿಗೆ ಅನುಮಾನವೇ ಬರಲಿಲ್ಲ. ಮುಂದೆಯೂ ಬಟ್ಟೆ ನನಗೇ ಕೊಟ್ಟರು. ಪ್ರತಿ ವಾರ ಆ ಬಟ್ಟೆಗಳ ಮೇಲೆ ಇಸ್ತ್ರಿ ಪೆಟ್ಟಿಗೆ ಆಡಿಸುವಾಗ ನನ್ನ ಕೈ ಸುಟ್ಟಂತಾಗುತ್ತಿತ್ತು, ಆದರೂ ಬಾಯಿ ಬಿಡಲಿಲ್ಲ.

ಸಭೆಯಲ್ಲಿ ಒಬ್ಬೊಬ್ಬರಾಗಿ ಎದ್ದು ಕುರ್ಚಿಯ ಗೌರವದ ಮಾತಾಡಿದರಂತೆ. ಶೌಚಾಲಯದ ಮಾತು ಯಾರೂ ಎತ್ತಲಿಲ್ಲ. ಮೂರೇ ಜನ ಕಂಡಕ್ಟ್ರಮ್ಮನ ಪರ ಕೈಯೆತ್ತಿದರು. ಕುರ್ಚಿ ಹೋಯಿತು. ಆ ಕುರ್ಚಿಯಲ್ಲಿ ಉಪಾಧ್ಯಕ್ಷರೇ ಕೂತರು. ಪಾಯವನ್ನು ಮುಚ್ಚಿ ಆ ಜಾಗದಲ್ಲಿ ಅಂಗಡಿ ಕಟ್ಟಿದರು.

ಮೂರು ತಿಂಗಳಾದ ಮೇಲೆ ಕಂಡಕ್ಟ್ರಮ್ಮ ಮನೆ ಖಾಲಿ ಮಾಡಿದರು. ಹೋಗುವ ಮುಂಚೆ ಅವರು ಕೊನೆಯದಾಗಿ ನನ್ನನ್ನು ಒಂದು ಮಾತು ಕೇಳಿದರು. ಅದನ್ನು ನಾನು ನಡೆಸಿಕೊಡಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಇದನ್ನು ಓದುವವರು ನನ್ನಿಂದ ಒಳ್ಳೆಯದನ್ನು ನಿರೀಕ್ಷಿಸುವುದು ಬೇಡ.

ಬೆಳಗಿನ ಹೊತ್ತು. ಮಂಚ, ಪಾತ್ರೆ, ಹಾಸಿಗೆ ಹೇರಿದ ಗಾಡಿ ನನ್ನ ಮೇಜಿನ ಎದುರಿಗೇ ನಿಂತಿತ್ತು. ಮುಂದೆ ಡ್ರೈವರ್ ಪಕ್ಕದಲ್ಲಿ ಅವರ ತಾಯಿ ಕೂತಿದ್ದರು. ಕಂಡಕ್ಟ್ರಮ್ಮ ಕೈಯಲ್ಲಿ ಎರಡು ಬಟ್ಟೆ ಹಿಡಿದು ಬಂದು, ಎರಡರ ಅಂಚನ್ನೂ ಮಗುಚಿ ಮೇಜಿನ ಮೇಲಿಟ್ಟರು.

“ಸಾಮಾನು ಕಟ್ಟುವಾಗ ಕಾಣಿಸ್ತು. ಇದು ನೀಲಿ ದಾರ, ಇದು ಕಪ್ಪು. ಎರಡೂ ನನ್ನ ಬಟ್ಟೆ.”

ನಾನು ಪೆಟ್ಟಿಗೆಯನ್ನು ಕೆಳಗಿಟ್ಟೆ.

“ಅವತ್ತೇ ಗೊತ್ತಿತ್ತಾ?”

ಹೌದೆಂದು ತಲೆಯಾಡಿಸಿದೆ. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಎರಡೂ ಬಟ್ಟೆಗಳನ್ನು ಮತ್ತೆ ಮಡಚಿ ಕೈಗೆತ್ತಿಕೊಂಡರು.

“ಊರಿನವರು ನಂಬಲಿಲ್ಲ, ಹೋಗ್ಲಿ. ಅಮ್ಮನೂ ನಂಬಲಿಲ್ಲ. ನಾನು ಬಡಿಸಿದ್ದು ಉಣ್ತಾರೆ, ನನ್ನ ಮುಖ ನೋಡಲ್ಲ. ‘ಇಸ್ತ್ರಿಯವಳು ಸುಳ್ಳು ಹೇಳ್ತಾಳಾ’ ಅಂತಾರೆ. ನಿಮ್ಮ ಬಾಯಿಂದಲೇ ಒಂದ್ಸಲ ಹೇಳಿಬಿಡಿ.”

ಗಾಡಿಯ ಹತ್ತಿರ ಹೋದೆ. ಮಲಗಿದ ಕೂಸಿನ ಪಕ್ಕ ಆಡುವ ದನಿಯಲ್ಲಿ ಹೇಳಿದೆ: “ಆ ಅಂಗಿ ನನ್ನ ಕೈತಪ್ಪಿನಿಂದ ಹೋಯ್ತಮ್ಮ. ನಿಮ್ಮ ಮಗಳದ್ದೇನೂ ತಪ್ಪಿಲ್ಲ.”

ಮುದುಕಿ ಕಿವಿಯ ಹಿಂದೆ ಕೈಯಿಟ್ಟು ಮುಂದಕ್ಕೆ ಬಾಗಿದರು. “ಏನಂದ್ರಿ?”

ಎದುರಿನ ಅಂಗಡಿಯಲ್ಲಿ ನಿಂತಿದ್ದವರು ತಿರುಗಿ ನೋಡಿದರು. ನನ್ನ ಹಿಂದೆ, ಮೆಟ್ಟಿಲ ಮೇಲೆ, ಚಪ್ಪಲಿಯ ಸದ್ದು ಇಳಿದು ಬಂದು ನಡುವೆ ನಿಂತಿತು.

“ಅಮ್ಮನಿಗೆ ಕಿವಿ ಮಂದ,” ಅಂದರು ಕಂಡಕ್ಟ್ರಮ್ಮ. “ಇನ್ನೊಂದ್ಸಲ ಹೇಳಿ. ಸ್ವಲ್ಪ ಜೋರಾಗಿ.”